ಪ್ರಿಮೆಡ್ ಓದಿಗೆ ವಿಶ್ವವಿದ್ಯಾಲಯದ ಆಯ್ಕೆ: ಹೆಸರು, ಖರ್ಚು ಮತ್ತು ವೀಸಾ

ಪ್ರಶ್ನೆ: ನಾವು ಹಾಸನ ಜಿಲ್ಲೆಯವರು. ಬಹಳ ವರ್ಷಗಳಿಂದ ಅಮೆರಿಕದ ಟೆಕ್ಸಸ್ ರಾಜ್ಯದ ಪ್ಲೇನೋದಲ್ಲಿ ನೆಲೆಸಿದ್ದೇವೆ. ನಾನು ಎಚ್-1ಬಿ ಉದ್ಯೋಗ ವೀಸಾದಲ್ಲಿದ್ದೇನೆ. ಕಾಯಂ ವಾಸಕ್ಕಾಗಿ ಕಂಪನಿ ಸಲ್ಲಿಸಿದ ಐ-140 ಅರ್ಜಿ ಮಂಜೂರಾಗಿದೆ, ಕಾಯಂ ನಿವಾಸಿಯಾಗುವ ಗ್ರೀನ್ ಕಾರ್ಡಿನ ಸರದಿ ಇನ್ನೂ ಬಂದಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಮಗಳು ಅವಲಂಬಿತರ ಎಚ್-4 ವೀಸಾದಲ್ಲಿದ್ದು, ಹೈಸ್ಕೂಲಿನ ಕೊನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಬರುವ ಆಗಸ್ಟ್‌ನಲ್ಲಿ ಅವಳಿಗೆ ಹದಿನೆಂಟು ತುಂಬುತ್ತದೆ. ವೈದ್ಯೆಯಾಗಬೇಕೆಂಬುದು ಅವಳದೇ ಆಸೆ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಪ್ರವೇಶ ಸಿಕ್ಕಿದೆ, ಆದರೆ ಆರ್ಥಿಕ ನೆರವು ಸಿಕ್ಕಿಲ್ಲ. ಆಸ್ಟಿನ್‌ನ ಯೂನಿವರ್ಸಿಟಿ ಆಫ್ ಟೆಕ್ಸಸ್‌ನಲ್ಲಿ ರಾಜ್ಯವಾಸಿಗಳ ಶುಲ್ಕದಲ್ಲಿ ಜೀವಶಾಸ್ತ್ರ ಸಿಕ್ಕಿದೆ. ಅದೇ ವಿಶ್ವವಿದ್ಯಾಲಯ ಸಮೂಹದ ಯುಟಿ ಡಲ್ಲಾಸ್ ಬೋಧನಾ ಶುಲ್ಕವನ್ನು ಪೂರ್ತಿ ಭರಿಸುವ ವಿದ್ಯಾರ್ಥಿವೇತನ ಕೊಟ್ಟಿದೆ. ಹಾಪ್ಕಿನ್ಸ್ ಬಿಟ್ಟರೆ ಮಗಳ ಭವಿಷ್ಯವನ್ನೇ ಬಿಟ್ಟಂತೆ ಎಂದು ಪರಿಚಯದವರು ಹೇಳುತ್ತಿದ್ದಾರೆ. ನಾವು ಯಾವುದನ್ನು ಆರಿಸಬೇಕು?

ಉತ್ತರ: ನೀವು ಬರೆದಿರುವ ವಿವರಗಳನ್ನಷ್ಟೇ ಇಟ್ಟುಕೊಂಡು ಹೇಳುವುದಾದರೆ, ನಾನು ಯುಟಿ ಡಲ್ಲಾಸನ್ನು ಆರಿಸುತ್ತೇನೆ. ಆಸ್ಟಿನ್ ಅದರ ಹಿಂದೆಯೇ ನಿಲ್ಲುತ್ತದೆ. ನೆರವಿಲ್ಲದ ಹಾಪ್ಕಿನ್ಸನ್ನು ನಿಮ್ಮ ಕುಟುಂಬಕ್ಕೆ ನಾನು ಸೂಚಿಸುವುದಿಲ್ಲ. ಹಾಪ್ಕಿನ್ಸ್‌ನ ಶಿಕ್ಷಣದ ಗುಣಮಟ್ಟದ ಬಗ್ಗೆ ಯಾರೂ ಅನುಮಾನಪಡಬೇಕಾಗಿಲ್ಲ. ನನ್ನ ಅಭಿಪ್ರಾಯಕ್ಕೆ ಕಾರಣ ಬೇರೆ. ನಿಮ್ಮ ಮಗಳು ವೈದ್ಯ ಕಾಲೇಜಿಗೆ ಅರ್ಜಿ ಹಾಕುವ ಹೊತ್ತಿಗೆ ಅವಳ ವೀಸಾದ ಸ್ಥಿತಿ ಏನಾಗಿರುತ್ತದೆ, ಕೈಯಲ್ಲಿ ಎಷ್ಟು ಹಣ ಉಳಿದಿರುತ್ತದೆ ಎಂಬ ಎರಡು ಸಂಗತಿಗಳು, ಪದವಿಪತ್ರದ ಮೇಲಿನ ಹೆಸರಿಗಿಂತ ಹೆಚ್ಚು ನಿರ್ಣಾಯಕವಾಗಲಿವೆ.

ಊರಿನಲ್ಲಿರುವ ಹಿರಿಯರಿಗೆ ನೀವು ಈ ವಿಷಯವನ್ನು ವಿವರಿಸಬೇಕಾಗಿ ಬರಬಹುದು. ಆದ್ದರಿಂದ ಮೊದಲು ವ್ಯವಸ್ಥೆಯ ಬಗ್ಗೆ ಒಂದೆರಡು ಮಾತು. ಕರ್ನಾಟಕದಲ್ಲಿ ಪಿಯುಸಿ ಮುಗಿಸಿ ನೀಟ್ ಬರೆದವರು ನೇರವಾಗಿ ಎಂಬಿಬಿಎಸ್ ಸೇರುತ್ತಾರೆ. ಅಮೆರಿಕದಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ ಮುಗಿದ ಮೇಲೆಯೇ ವೈದ್ಯ ಕಾಲೇಜು. ಪ್ರಿಮೆಡ್ ಎಂಬುದು ಒಂದು ಪದವಿಯ ಹೆಸರಲ್ಲ, ವೈದ್ಯ ಕಾಲೇಜಿಗಾಗಿ ಪದವಿಯಲ್ಲಿ ಮಾಡುವ ತಯಾರಿ. ಒಂದೊಂದು ವರ್ಷದ ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ, ಸಾವಯವ ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರವನ್ನು ಪ್ರಯೋಗಾಲಯದೊಂದಿಗೆ ಓದಿ, ಜೀವರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ ಮತ್ತು ಇಂಗ್ಲಿಷ್ ಬರವಣಿಗೆಯನ್ನು ಸೇರಿಸಿಕೊಂಡರೆ ಬಹುತೇಕ ವೈದ್ಯ ಕಾಲೇಜುಗಳು ಕೇಳುವ ಪೂರ್ವಪಾಠಗಳು ಮುಗಿದವು. ಇವನ್ನು ಇತಿಹಾಸ ಅಥವಾ ಸಂಗೀತದ ಪದವಿಯ ಜೊತೆಗೂ ಓದಬಹುದು. ಈ ಪಾಠಗಳು ನಿಮ್ಮ ಮೂರೂ ವಿಶ್ವವಿದ್ಯಾಲಯಗಳಲ್ಲಿವೆ ಮತ್ತು ಮೂರರಲ್ಲೂ ಚೆನ್ನಾಗಿಯೇ ನಡೆಯುತ್ತವೆ. ಹಾಗಾಗಿ "ಪ್ರಿಮೆಡ್‌ಗೆ ಯಾವುದು ಒಳ್ಳೆಯದು" ಎಂಬ ಪ್ರಶ್ನೆಗೆ ಪಠ್ಯಕ್ರಮದಲ್ಲಿ ಉತ್ತರ ಸಿಗುವುದಿಲ್ಲ.

ಇನ್ನು ಹೆಸರಿನ ವಿಚಾರ. ಇತ್ತೀಚಿನ ವರ್ಷಗಳಲ್ಲಿ ಅಮೆರಿಕದ ಎಂಡಿ ಕಾಲೇಜುಗಳಿಗೆ (ಅಲ್ಲಿ ವೈದ್ಯರ ಮೊದಲ ಪದವಿಯೇ ಎಂಡಿ) ವರ್ಷಕ್ಕೆ ಸುಮಾರು 52 ಸಾವಿರ ಮಂದಿ ಅರ್ಜಿ ಹಾಕುತ್ತಿದ್ದು, ಸುಮಾರು 23 ಸಾವಿರ ಮಂದಿ ಸೇರುತ್ತಿದ್ದಾರೆ. ಸೇರಿದವರ ಸರಾಸರಿ ಜಿಪಿಎ, ಅಂದರೆ ಪದವಿಯ ಗ್ರೇಡುಗಳ ಒಟ್ಟು ಅಂಕ, 4ಕ್ಕೆ 3.77ರ ಆಸುಪಾಸಿನಲ್ಲಿದೆ, 472ರಿಂದ 528ರವರೆಗೆ ಅಂಕ ಕೊಡುವ ಎಂಕ್ಯಾಟ್ ಎಂಬ ವೈದ್ಯ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಅವರ ಸರಾಸರಿ ಅಂಕ 511ರಿಂದ 512. ಅರ್ಜಿಯನ್ನು ಮೊದಲು ಜರಡಿ ಹಿಡಿಯುವುದು ಈ ಎರಡು ಸಂಖ್ಯೆಗಳು. ಕಠಿಣವಾದ ವಿಶ್ವವಿದ್ಯಾಲಯದಲ್ಲಿ 3.4 ಬಂದರೆ ಅದನ್ನು ಬೇರೆಡೆಯ 3.8ಕ್ಕೆ ಸಮವೆಂದು ಪರಿವರ್ತಿಸುವ ಯಾವ ಅಧಿಕೃತ ಸೂತ್ರವೂ ಇಲ್ಲ. ಖಾಸಗಿ ವೈದ್ಯ ಕಾಲೇಜುಗಳ ಪ್ರವೇಶ ಸಮಿತಿಗಳು ಪದವಿ ಕಾಲೇಜಿನ ಹೆಸರಿಗೆ ಸ್ವಲ್ಪ ತೂಕ ಕೊಡುತ್ತವೆ ಎಂಬುದು ನಿಜ. ಆ ತೂಕ ಗ್ರೇಡಿನ ಕೊರತೆಯನ್ನು ತುಂಬುವಷ್ಟು ಇರುವುದು ಅಪರೂಪ. ಅಮೆರಿಕದ ವೈದ್ಯ ಕಾಲೇಜುಗಳಿಗೆ ಅತಿ ಹೆಚ್ಚು ಅರ್ಜಿದಾರರನ್ನು ಕಳಿಸುವ ಪದವಿ ಸಂಸ್ಥೆಗಳ ಪಟ್ಟಿಯನ್ನು ವೈದ್ಯ ಕಾಲೇಜುಗಳ ಒಕ್ಕೂಟವಾದ ಎಎಎಂಸಿ ಪ್ರತಿವರ್ಷ ಪ್ರಕಟಿಸುತ್ತದೆ. ಅದರ ಮೇಲ್ತುದಿಯಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಆಸ್ಟಿನ್, ಫ್ಲಾರಿಡಾ, ಮಿಷಿಗನ್‌ನಂಥ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳೇ ಇರುತ್ತವೆ. ವೈದ್ಯ ಕಾಲೇಜನ್ನು ಹೊಂದಿರುವ ವಿಶ್ವವಿದ್ಯಾಲಯದಲ್ಲೇ ಪದವಿ ಓದಬೇಕೆಂಬ ನಂಬಿಕೆಯೂ ನಮ್ಮವರಲ್ಲಿ ಬಲವಾಗಿದೆ. ಪ್ರಿನ್ಸ್‌ಟನ್‌ನಲ್ಲಿ ವೈದ್ಯ ಕಾಲೇಜೇ ಇಲ್ಲ, ಆದರೂ ಅಲ್ಲಿನ ಪದವೀಧರರಿಗೆ ವೈದ್ಯಶಿಕ್ಷಣದ ದಾರಿ ಮುಚ್ಚಿಲ್ಲ.

ಪ್ರವೇಶ ಕಚೇರಿಗಳು ಹೇಳುವ ಒಂದು ಅಂಕಿಯನ್ನು ಮಾತ್ರ ಎಚ್ಚರದಿಂದ ಕೇಳಿಸಿಕೊಳ್ಳಿ. "ನಮ್ಮ ಪ್ರಿಮೆಡ್ ವಿದ್ಯಾರ್ಥಿಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಮಂದಿಗೆ ಸೀಟು ಸಿಗುತ್ತದೆ" ಎಂದಾಗ, ಆ ಲೆಕ್ಕದ ಛೇದದಲ್ಲಿ ಯಾರಿದ್ದಾರೆ ಎಂದು ಕೇಳಬೇಕು. ಮೊದಲ ವರ್ಷದಲ್ಲಿ ಪ್ರಿಮೆಡ್ ಎಂದು ಹೇಳಿಕೊಂಡವರಲ್ಲಿ ಬಹಳಷ್ಟು ಮಂದಿ ಸಾವಯವ ರಸಾಯನಶಾಸ್ತ್ರದ ಹೊತ್ತಿಗೆ ದಾರಿ ಬದಲಿಸಿರುತ್ತಾರೆ; ಅವರು ಲೆಕ್ಕಕ್ಕೆ ಬರುವುದಿಲ್ಲ. ಕೆಲವು ಸಂಸ್ಥೆಗಳಲ್ಲಿ ಸಮಿತಿಯೊಂದು ಅರ್ಜಿದಾರರನ್ನು ಸಂದರ್ಶಿಸಿ ಸಾಮೂಹಿಕ ಶಿಫಾರಸು ಪತ್ರ ಬರೆಯುತ್ತದೆ; ದುರ್ಬಲರೆಂದು ಕಂಡವರಿಗೆ "ಈ ವರ್ಷ ಬೇಡ" ಎಂದು ಹೇಳುವ ಪದ್ಧತಿಯಿದ್ದರೆ ಉಳಿದವರ ಯಶಸ್ಸಿನ ಪ್ರಮಾಣ ತಾನಾಗಿಯೇ ಏರುತ್ತದೆ. ಆದ್ದರಿಂದ ಪ್ರಮಾಣವನ್ನು ಬಿಟ್ಟು, ಎಷ್ಟು ಮಂದಿ ಶುರು ಮಾಡಿದರು, ಎಷ್ಟು ಮಂದಿ ಅರ್ಜಿ ಹಾಕಿದರು, ಯಾವ ಜಿಪಿಎ ಇದ್ದವರಿಗೆ ಪತ್ರ ಸಿಗಲಿಲ್ಲ ಎಂಬುದನ್ನು ಕೇಳಿ. ನೇರ ಉತ್ತರ ಕೊಡುವ ಸಲಹಾ ಕಚೇರಿಯಿದ್ದರೆ ಅದೇ ಆ ವಿಶ್ವವಿದ್ಯಾಲಯದ ಪರವಾಗಿ ಒಂದು ಒಳ್ಳೆಯ ಸಾಕ್ಷ್ಯ.

ಈಗ ನಿಮ್ಮ ಪ್ರಶ್ನೆಯಲ್ಲಿ ಬಹುತೇಕ ಸ್ನೇಹಿತರು ಗಮನಿಸದೇ ಹೋಗಿರುವ ಭಾಗಕ್ಕೆ ಬರುತ್ತೇನೆ. ಅವರ ಮಕ್ಕಳು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳಾಗಿದ್ದರೆ, ಅವರ ಅನುಭವದಿಂದ ಬಂದ ಸಲಹೆ ನಿಮ್ಮ ಮಗಳಿಗೆ ಅಷ್ಟಾಗಿ ಹೊಂದುವುದಿಲ್ಲ. ಎಚ್-4 ಅವಲಂಬಿತ ವೀಸಾ ಮಕ್ಕಳಿಗೆ ಇಪ್ಪತ್ತೊಂದು ತುಂಬುವವರೆಗೆ ಮಾತ್ರ. ನಿಮ್ಮ ಮಗಳಿಗೆ ಇಪ್ಪತ್ತೊಂದು ತುಂಬುವುದು ಮೂರನೆಯ ವರ್ಷ ಮುಗಿದು ನಾಲ್ಕನೆಯದು ಶುರುವಾಗುವ ಆಗಸ್ಟ್‌ನಲ್ಲಿ. ಪದವಿ ಮುಗಿಸಿದ ಕೂಡಲೇ ವೈದ್ಯ ಕಾಲೇಜು ಸೇರಬೇಕೆಂದರೆ ಅರ್ಜಿ ಹಾಕಬೇಕಾದದ್ದು ಅದೇ ಬೇಸಿಗೆಯ ಮೇ-ಜೂನ್‌ನಲ್ಲಿ, ಸಂದರ್ಶನಗಳು ನಡೆಯುವುದು ಅದರ ನಂತರದ ತಿಂಗಳುಗಳಲ್ಲಿ. ಅಷ್ಟರೊಳಗೆ ಗ್ರೀನ್ ಕಾರ್ಡ್ ಬರದಿದ್ದರೆ, ಅವಳು ಅರ್ಜಿ ಹಾಕುವಾಗ ಎಚ್-4, ಸಂದರ್ಶನಕ್ಕೆ ಕೂರುವಾಗ ಎಫ್-1 ವಿದ್ಯಾರ್ಥಿ ವೀಸಾ; ವೈದ್ಯ ಕಾಲೇಜಿನ ಕಣ್ಣಿಗೆ ಅವಳು ಅಂತರರಾಷ್ಟ್ರೀಯ ಅರ್ಜಿದಾರಳು. ಪ್ಲೇನೋದ ಶಾಲೆಗಳಲ್ಲೇ ಓದಿ ಬೆಳೆದಿದ್ದಾಳೆ ಎಂಬುದು ಇದನ್ನು ಬದಲಿಸುವುದಿಲ್ಲ.

ಇದರ ಪರಿಣಾಮ ಸಣ್ಣದಲ್ಲ. ಅಮೆರಿಕದ ವೈದ್ಯ ಕಾಲೇಜುಗಳಲ್ಲಿ ಬಹುಪಾಲು ಪ್ರಜೆಗಳನ್ನು ಮತ್ತು ಕಾಯಂ ನಿವಾಸಿಗಳನ್ನು ಮಾತ್ರ ಪರಿಗಣಿಸುತ್ತವೆ. ಹಾರ್ವರ್ಡ್, ಯೇಲ್, ಕೊಲಂಬಿಯಾ ಮುಂತಾಗಿ ವಿದೇಶಿ ಪ್ರಜೆಗಳಿಗೂ ಬಾಗಿಲು ತೆರೆದಿರುವ ಕಾಲೇಜುಗಳ ಪೈಕಿ ಹೆಚ್ಚಿನವು ಖಾಸಗಿ. ಅಲ್ಲಿ ಬೋಧನಾ ಶುಲ್ಕವೇ ವರ್ಷಕ್ಕೆ ಸುಮಾರು 65ರಿಂದ 75 ಸಾವಿರ ಡಾಲರ್. ಕೆಲವು ಕಾಲೇಜುಗಳಂತೂ ವಿದೇಶಿ ವಿದ್ಯಾರ್ಥಿಯಿಂದ ಒಂದು ವರ್ಷದ, ಕೆಲವೊಮ್ಮೆ ನಾಲ್ಕೂ ವರ್ಷದ ಹಣವನ್ನು ಮೊದಲೇ ಠೇವಣಿಯಾಗಿಡಲು ಕೇಳುತ್ತವೆ. ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲ ಅವಳಿಗೆ ಸಿಗುವುದಿಲ್ಲ. ಪ್ರಜೆಗಳಿಗೂ ಕೂಡ 2025ರ ಕಾನೂನಿನ ಪ್ರಕಾರ, 2026ರ ಜುಲೈ 1ರ ನಂತರ ಹೊಸದಾಗಿ ಸಾಲ ಪಡೆಯುವ ವೃತ್ತಿಶಿಕ್ಷಣ ವಿದ್ಯಾರ್ಥಿಗಳಿಗೆ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರಿನ ಮಿತಿಯಿದೆ. ಓದಿನ ಪೂರ್ತಿ ವೆಚ್ಚಕ್ಕೆ ಸಾಲ ಕೊಡುತ್ತಿದ್ದ ಗ್ರ್ಯಾಡ್ ಪ್ಲಸ್ ಯೋಜನೆ ಅಂಥವರಿಗೆ ಇಲ್ಲ. ಆದ್ದರಿಂದ ಪದವಿಯ ಮಟ್ಟದಲ್ಲಿ ಉಳಿಸಿದ ಹಣ ವೈದ್ಯ ಕಾಲೇಜಿನ ಸೀಟನ್ನು ಒಪ್ಪಿಕೊಳ್ಳುವ ಶಕ್ತಿಯಾಗಿಯೇ ಪರಿಣಮಿಸುತ್ತದೆ.

ಹಾಪ್ಕಿನ್ಸ್‌ನ ಲೆಕ್ಕವನ್ನು ಈಗ ನೋಡಿ. ಬೋಧನೆ, ವಸತಿ, ಊಟ ಎಲ್ಲ ಸೇರಿ ವರ್ಷಕ್ಕೆ 85 ಸಾವಿರ ಡಾಲರ್ ಮೀರುತ್ತದೆ. ನಾಲ್ಕು ವರ್ಷಕ್ಕೆ ಮೂರೂವರೆ ಲಕ್ಷದ ಹತ್ತಿರ. ಅದನ್ನು ಖರ್ಚು ಮಾಡಿದ ಮೇಲೆ, ಸಾಲವಿಲ್ಲದೆ ಇನ್ನೊಮ್ಮೆ ಅಷ್ಟೇ ಹಣ ಹೊಂದಿಸುವ ಶಕ್ತಿ ನಿಮಗಿದ್ದರೆ ನನ್ನ ವಾದ ಬಿದ್ದುಹೋಗುತ್ತದೆ, ಸಂತೋಷವಾಗಿ ಕಳಿಸಿ. ವೈದ್ಯ ಕಾಲೇಜಿಗೆ ದಾನಿಗಳು ಕೊಟ್ಟ ದೊಡ್ಡ ಮೊತ್ತದ ಸುದ್ದಿಗಳನ್ನು ಓದಿ ಅದನ್ನು ಪದವಿಯ ಖರ್ಚಿಗೆ ತಾಳೆ ಹಾಕುವವರೂ ಇದ್ದಾರೆ: 2024ರಲ್ಲಿ ಬ್ಲೂಮ್‌ಬರ್ಗ್ ಪ್ರತಿಷ್ಠಾನದ ನೂರು ಕೋಟಿ ಡಾಲರ್ ದೇಣಿಗೆಯಿಂದ ಹಾಪ್ಕಿನ್ಸ್ ವೈದ್ಯ ಕಾಲೇಜಿನಲ್ಲಿ ವಾರ್ಷಿಕ ಆದಾಯ 3 ಲಕ್ಷ ಡಾಲರಿಗಿಂತ ಕಡಿಮೆಯಿರುವ ಕುಟುಂಬಗಳವರಿಗೆ ಬೋಧನಾ ಶುಲ್ಕ ಇಲ್ಲವಾಯಿತು. ಅದು ಎಂಡಿ ವಿದ್ಯಾರ್ಥಿಗಳ ಮಾತು. ಅಲ್ಲೇ ಪದವಿ ಓದಿದವರಿಗೆ ಆ ವೈದ್ಯ ಕಾಲೇಜಿನಲ್ಲಿ ಸೀಟು ಖಚಿತ ಎಂಬ ನಿಯಮವೂ ಇಲ್ಲ.

ಹಾಪ್ಕಿನ್ಸ್ ಪರವಾಗಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ವಿದೇಶಿ ಪ್ರಜೆಗಳನ್ನು ತೆಗೆದುಕೊಳ್ಳುವ ಖಾಸಗಿ ಕಾಲೇಜುಗಳು ಸಂಶೋಧನೆಗೆ ಒತ್ತು ಕೊಡುವವು, ಮತ್ತು ಹೆಸರಿಗೆ ತೂಕವಿರುವುದೂ ಅಲ್ಲಿಯೇ. ಆದ್ದರಿಂದ ಹೆಸರಿನ ಲಾಭ ನಿಮ್ಮ ಮಗಳಂಥ ಅರ್ಜಿದಾರಳಿಗೆ ಪ್ರಜೆಗಳಿಗಿಂತ ಸ್ವಲ್ಪ ಹೆಚ್ಚೇ ಸಿಗಬಹುದು. ಆದರೆ ಅದೇ ಕಾಲೇಜುಗಳ ಮುಂದೆ ಗಟ್ಟಿಯಾದ ಸಂಶೋಧನಾ ಅನುಭವವನ್ನು ಡಲ್ಲಾಸ್‌ನಿಂದಲೂ ಆಸ್ಟಿನ್‌ನಿಂದಲೂ ಇಡಲು ಸಾಧ್ಯ. ಯುಟಿ ಡಲ್ಲಾಸ್‌ನಲ್ಲಿ ಗ್ರೀನ್ ಫೆಲೋಸ್ ಎಂಬ ಕಾರ್ಯಕ್ರಮವಿದೆ: ಆಯ್ಕೆಯಾದ ವಿದ್ಯಾರ್ಥಿಗಳು ಒಂದು ವಸಂತ ಸೆಮಿಸ್ಟರ್ ಪೂರ್ತಿ ಡಲ್ಲಾಸ್‌ನ ಯುಟಿ ಸೌತ್‌ವೆಸ್ಟರ್ನ್ ವೈದ್ಯಕೀಯ ಕೇಂದ್ರದ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾರೆ. ಕೊಲೆಸ್ಟರಾಲ್ ನಿಯಂತ್ರಣದ ಸಂಶೋಧನೆಗೆ 1985ರಲ್ಲಿ ನೊಬೆಲ್ ಪಡೆದ ಮೈಕಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ದುಡಿದ ಸಂಸ್ಥೆ ಅದು. ಆಸ್ಟಿನ್‌ನಲ್ಲಿ ಫ್ರೆಶ್‌ಮನ್ ರಿಸರ್ಚ್ ಇನಿಷಿಯೇಟಿವ್ ಮೊದಲ ವರ್ಷದವರನ್ನೇ ನಿಜವಾದ ಸಂಶೋಧನೆಗೆ ಇಳಿಸುತ್ತದೆ; ಡೆಲ್ ವೈದ್ಯ ಕಾಲೇಜು ಕ್ಯಾಂಪಸ್ಸಿಗೆ ಹೊಂದಿಕೊಂಡೇ ಇದೆ. ಈ ಎರಡರ ನಡುವೆ ಆಸ್ಟಿನ್‌ನ ಹೆಸರು ದೊಡ್ಡದು, ಡಲ್ಲಾಸ್‌ನ ಖರ್ಚು ಕಡಿಮೆ. ರಾಜ್ಯವಾಸಿಗಳ ಶುಲ್ಕದಲ್ಲೂ ವಸತಿ ಸೇರಿ ಆಸ್ಟಿನ್‌ಗೆ ನಾಲ್ಕು ವರ್ಷದಲ್ಲಿ ಲಕ್ಷ ಡಾಲರಿಗೂ ಮೀರಿ ಬೇಕಾಗುವುದರಿಂದಲೇ ನಾನು ಡಲ್ಲಾಸ್ ಕಡೆಗೆ ವಾಲುತ್ತೇನೆ. ಆಸ್ಟಿನ್‌ನಲ್ಲಿ ಅವಳಿಗೆ ನೈಸರ್ಗಿಕ ವಿಜ್ಞಾನ ವಿಭಾಗದ, ಸಣ್ಣ ತರಗತಿಗಳಿರುವ ಆನರ್ಸ್ ಕಾರ್ಯಕ್ರಮದಲ್ಲಿ ಸ್ಥಾನ ಸಿಕ್ಕಿದ್ದರೆ ನನ್ನ ತಕ್ಕಡಿ ಸಮಕ್ಕೆ ಬರುತ್ತಿತ್ತು. ನಾನೂರು ಮಂದಿ ಕೂರುವ ರಸಾಯನಶಾಸ್ತ್ರದ ತರಗತಿಯಲ್ಲಿ ಪ್ರಾಧ್ಯಾಪಕರಿಗೆ ವಿದ್ಯಾರ್ಥಿಯ ಮುಖವೇ ಗೊತ್ತಿರುವುದಿಲ್ಲ; ವೈದ್ಯ ಕಾಲೇಜುಗಳು ಸಾಮಾನ್ಯವಾಗಿ ಇಬ್ಬರು ವಿಜ್ಞಾನ ಅಧ್ಯಾಪಕರ ಪತ್ರ ಕೇಳುತ್ತವೆ, ಮತ್ತು "ಈಕೆ ನನ್ನ ತರಗತಿಯಲ್ಲಿ ಎ ಪಡೆದಳು" ಎಂಬಷ್ಟಕ್ಕೇ ಮುಗಿಯುವ ಪತ್ರದಿಂದ ಏನೂ ಪ್ರಯೋಜನವಿಲ್ಲ.

ಟೆಕ್ಸಸ್‌ನಲ್ಲೇ ಉಳಿಯುವುದಕ್ಕೆ ಇನ್ನೊಂದು ಕಾರಣವಿದೆ. ಗ್ರೀನ್ ಕಾರ್ಡ್ ಸಮಯಕ್ಕೆ ಬಂದರೆ ಅದರ ಮಹತ್ವ ತಿಳಿಯುತ್ತದೆ. ಅಲ್ಲಿನ ಸರ್ಕಾರಿ ವೈದ್ಯ ಕಾಲೇಜುಗಳು ಹೊರರಾಜ್ಯದವರಿಗೆ ಶೇಕಡಾ 10ಕ್ಕಿಂತ ಹೆಚ್ಚು ಸೀಟು ಕೊಡುವಂತಿಲ್ಲ. ರಾಜ್ಯವಾಸಿಗಳ ಬೋಧನಾ ಶುಲ್ಕ ವರ್ಷಕ್ಕೆ 20 ಸಾವಿರ ಡಾಲರಿನ ಆಸುಪಾಸು. ದೇಶದಲ್ಲಿ ಅತಿ ಕಡಿಮೆ ಶುಲ್ಕಗಳಲ್ಲಿ ಇದೂ ಒಂದು. ಆ ಕಾಲೇಜುಗಳಿಗೆಲ್ಲ ರಾಜ್ಯದ್ದೇ ಆದ ಪ್ರತ್ಯೇಕ ಅರ್ಜಿ ವ್ಯವಸ್ಥೆಯಿದ್ದು, ಎಷ್ಟು ಕಾಲೇಜಿಗೆ ಹಾಕಿದರೂ ಶುಲ್ಕ ಒಂದೇ. ಪೋಷಕರು ಟೆಕ್ಸಸ್‌ನಲ್ಲೇ ಇದ್ದರೆ ಅವರ ಅವಲಂಬಿತ ಮಗಳು ಹೊರರಾಜ್ಯದಲ್ಲಿ ಪದವಿ ಓದಿದ ಮಾತ್ರಕ್ಕೆ ರಾಜ್ಯವಾಸಿ ಸ್ಥಾನ ಹೋಗುವುದಿಲ್ಲ ಎಂಬುದು ನಿಜ. ಆದರೆ ನಿಮ್ಮ ಕಂಪನಿ ನಿಮ್ಮನ್ನು ಬೇರೆ ರಾಜ್ಯಕ್ಕೆ ಕಳಿಸಿದರೆ ಹೋಗಬಹುದು. ಈ ನಾಲ್ಕೈದು ವರ್ಷ ಉದ್ಯೋಗ ಬದಲಿಸುವಾಗ ಈ ಅಂಶವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎಚ್-4 ಬಗ್ಗೆ ಇನ್ನೂ ಒಂದು ಸೂಕ್ಷ್ಮವಿದೆ, ಇದನ್ನು ಪೋಷಕರು ತಡವಾಗಿ ತಿಳಿಯುತ್ತಾರೆ. ಎಚ್-4ನಲ್ಲಿರುವ ಮಕ್ಕಳಿಗೆ ಕೆಲಸ ಮಾಡುವ ಅನುಮತಿಯಿಲ್ಲ. ವೈದ್ಯರ ಪಕ್ಕದಲ್ಲಿ ಕೂತು ಟಿಪ್ಪಣಿ ಬರೆಯುವ ಸ್ಕ್ರೈಬ್ ಕೆಲಸ, ಆಂಬ್ಯುಲೆನ್ಸಿನ ಕೆಲಸ, ಸಂಬಳದ ಪ್ರಯೋಗಾಲಯ ಸಹಾಯಕ ಹುದ್ದೆ ಇವೆಲ್ಲ ಪ್ರಿಮೆಡ್ ವಿದ್ಯಾರ್ಥಿಗಳು ರೋಗಿಗಳ ಮತ್ತು ಸಂಶೋಧನೆಯ ಹತ್ತಿರ ಹೋಗುವ ಮಾಮೂಲು ದಾರಿಗಳು. ಅವಳಿಗೆ ಇವು ಮುಚ್ಚಿವೆ. ಆಸ್ಪತ್ರೆಯಲ್ಲಿ ಸ್ವಯಂಸೇವೆ, ವೈದ್ಯರೊಂದಿಗೆ ವೀಕ್ಷಕಳಾಗಿ ಇರುವುದು, ಕ್ರೆಡಿಟ್‌ಗಾಗಿ ಸಂಶೋಧನೆ ಮಾಡುವುದು ಇವು ತೆರೆದಿವೆ. ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಹಣ ಕೊಡುವ ಬೇಸಿಗೆ ಸಂಶೋಧನಾ ಕಾರ್ಯಕ್ರಮಗಳು ಪ್ರಜೆಗಳಿಗೂ ಕಾಯಂ ನಿವಾಸಿಗಳಿಗೂ ಮೀಸಲು. ಎಫ್-1ಕ್ಕೆ ಬದಲಾದರೆ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಪದವಿಯ ನಂತರ ಓದಿದ ವಿಷಯಕ್ಕೆ ಸಂಬಂಧಿಸಿದ ಕೆಲಸವನ್ನು ಓಪಿಟಿ ಎಂಬ ತಾತ್ಕಾಲಿಕ ಅನುಮತಿಯಲ್ಲಿ 12 ತಿಂಗಳು, ವಿಜ್ಞಾನ-ತಂತ್ರಜ್ಞಾನದ ಪದವಿಯಾದರೆ ಇನ್ನೂ 24 ತಿಂಗಳು ಮಾಡಬಹುದು. ಈಗ ವೈದ್ಯ ಕಾಲೇಜು ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪದವಿಯ ನಂತರ ಒಂದೆರಡು ವರ್ಷ ಬಿಡುವು ಕೊಟ್ಟೇ ಸೇರುತ್ತಾರೆ. ಆ ಬಿಡುವನ್ನು ಸಂಬಳದ ಸಂಶೋಧನಾ ಕೆಲಸದಲ್ಲಿ ಕಳೆಯಬೇಕಾದರೆ ಅವಳ ಪದವಿ ಜೀವಶಾಸ್ತ್ರ, ನರವಿಜ್ಞಾನ, ಜೀವರಸಾಯನಶಾಸ್ತ್ರದಂಥ ವಿಷಯದಲ್ಲಿ ಇರುವುದು ಅನುಕೂಲ. ಪ್ರಜೆಯಾಗಿದ್ದ ವಿದ್ಯಾರ್ಥಿನಿಗೆ ನಾನು "ಇಷ್ಟವಿದ್ದರೆ ತತ್ವಶಾಸ್ತ್ರ ಓದು" ಎನ್ನುತ್ತಿದ್ದೆ. ನಿಮ್ಮ ಮಗಳಿಗೆ ತತ್ವಶಾಸ್ತ್ರವನ್ನು ಎರಡನೆಯ ವಿಷಯವಾಗಿ ಇಟ್ಟುಕೊಳ್ಳಲು ಹೇಳುತ್ತೇನೆ.

ವೈದ್ಯಶಿಕ್ಷಣದವರೆಗೆ ಒಟ್ಟಿಗೇ ಪ್ರವೇಶ ಕೊಡುವ ಸಂಯುಕ್ತ ಕಾರ್ಯಕ್ರಮಗಳನ್ನು ನೀವು ಪ್ರಸ್ತಾಪಿಸಿಲ್ಲ. ಬ್ರೌನ್ ವಿಶ್ವವಿದ್ಯಾಲಯದ ಎಂಟು ವರ್ಷದ್ದು, ಕಾನ್ಸಾಸ್ ಸಿಟಿಯ ಮಿಸ್ಸೂರಿ ವಿಶ್ವವಿದ್ಯಾಲಯದ ಆರು ವರ್ಷದ್ದು ಇವುಗಳಲ್ಲಿ ಪ್ರಸಿದ್ಧ. ಆ ಸಮಯ ಈಗ ದಾಟಿದೆ, ಅದಕ್ಕಾಗಿ ಚಿಂತಿಸುವುದು ಬೇಡ.

ಎಲ್ಲವೂ ಕೈಕೊಟ್ಟರೆ ಮಣಿಪಾಲದಲ್ಲೋ ಬೆಂಗಳೂರಿನಲ್ಲೋ ಎಂಬಿಬಿಎಸ್ ಇದ್ದೇ ಇದೆ ಎಂಬ ಮಾತು ನಿಮ್ಮ ಮನೆಯಲ್ಲೂ ಬಂದಿರಬಹುದು. ಅದು ನಿಜವಾದ ದಾರಿಯೇ, ಆದರೆ ಪ್ರಿಮೆಡ್‌ನ ಬೆನ್ನಿಗೆ ಕಟ್ಟಿಕೊಂಡ ಹೆಚ್ಚುವರಿ ಚೀಲವಾಗಿ ಅದನ್ನು ನೋಡಬಾರದು. ಅದಕ್ಕೆ ನೀಟ್ ಬರೆಯಬೇಕು, ಆ ಪಠ್ಯಕ್ರಮಕ್ಕೆ ಬೇರೆಯದೇ ತಯಾರಿ ಬೇಕು. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಕೋರ್ಸಿನ ನಂತರ ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಯಾದ ಯುಎಸ್ಎಂಎಲ್ಇ ಬರೆದು, ಅಲ್ಲಿನ ಆಸ್ಪತ್ರೆಗಳ ರೆಸಿಡೆನ್ಸಿ ತರಬೇತಿಗೆ ಸ್ಪರ್ಧಿಸಬೇಕು. ಅವಳಿಗೆ ಅದು ಬೇಕೆನಿಸಿದರೆ ಈಗಲೇ ನಿರ್ಧರಿಸುವುದು ಒಳ್ಳೆಯದು. ಅಮೆರಿಕದ ಪದವಿ ಮುಗಿಸಿ ಇಪ್ಪತ್ತೆರಡರಲ್ಲಿ ಮತ್ತೆ ಶುರು ಮಾಡುವುದಕ್ಕಿಂತ ಹದಿನೆಂಟರಲ್ಲಿ ಹೋಗುವುದು ಎಷ್ಟೋ ವಾಸಿ.

ಡಲ್ಲಾಸ್ ಆರಿಸಿದರೂ ಅವಳನ್ನು ಕಡೇಪಕ್ಷ ಮೊದಲ ವರ್ಷವಾದರೂ ಕ್ಯಾಂಪಸ್ಸಿನಲ್ಲೇ ಇರಿಸಿ. ಪ್ಲೇನೋದಿಂದ ರಿಚರ್ಡ್‌ಸನ್‌ಗೆ ದಿನವೂ ಕಾರಿನಲ್ಲಿ ಹೋಗಿಬರುವುದು ಸುಲಭವೇ. ಆದರೆ ಅಧ್ಯಯನ ಗುಂಪುಗಳು ಸೇರುವುದು, ಪ್ರಯೋಗಾಲಯದಲ್ಲಿ ಯಾರನ್ನೋ ಕೇಳಿ ಒಂದು ಅವಕಾಶ ಗಿಟ್ಟಿಸುವುದು, ಸಂಜೆ ಪ್ರಾಧ್ಯಾಪಕರ ಕೊಠಡಿಯ ಮುಂದೆ ಕಾಯುವುದು ಎಲ್ಲವೂ ತರಗತಿ ಮುಗಿದ ಮೇಲೆ ನಡೆಯುತ್ತವೆ. ಮೊದಲ ಸೆಮಿಸ್ಟರ್‌ನಲ್ಲಿ ಎರಡಕ್ಕಿಂತ ಹೆಚ್ಚು ಪ್ರಯೋಗಾಲಯದ ವಿಷಯ ತೆಗೆದುಕೊಳ್ಳುವುದು ಬೇಡ. ಒಂದು ಕೋರ್ಸಿನಲ್ಲಿ ಸಿ ಬಂದು, ಅದನ್ನೇ ಮತ್ತೆ ಓದಿ ಎ ಪಡೆದರೂ ಎಎಎಂಸಿಯ ಅರ್ಜಿಯಲ್ಲಿ ಎರಡೂ ಗ್ರೇಡುಗಳು ಲೆಕ್ಕಕ್ಕೆ ಸೇರುತ್ತವೆ. ಹೈಸ್ಕೂಲಿನಲ್ಲಿ ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆಯ ಅಂಕಗಳಿಂದ ರಸಾಯನಶಾಸ್ತ್ರವನ್ನು ಹಾರಿಸುವ ಮೊದಲು, ಎಪಿ ಕ್ರೆಡಿಟನ್ನು ಪೂರ್ವಪಾಠವಾಗಿ ಒಪ್ಪದ ವೈದ್ಯ ಕಾಲೇಜುಗಳೂ ಇವೆ ಎಂಬುದನ್ನು ನೆನಪಿಡಲಿ.

ಪ್ರವೇಶವನ್ನು ಒಪ್ಪಿಕೊಳ್ಳಬೇಕಾದ ಮೇ 1ರ ಗಡುವಿಗೆ ಮುನ್ನ ನೀವು ಮಾಡಬೇಕಾದ ಕೆಲಸ ಮೂರು. ಹಾಪ್ಕಿನ್ಸ್‌ನ ನೆರವು ಕಚೇರಿಗೆ ಒಮ್ಮೆ ಮರುಪರಿಶೀಲನೆಯ ಪತ್ರ ಬರೆಯಿರಿ. ಪ್ರಜೆಗಳಲ್ಲದವರಿಗೆ ಅಲ್ಲಿ ನೆರವು ಸೀಮಿತ, ಆದರೂ ಕೇಳಿದ್ದರಿಂದ ನಷ್ಟವಿಲ್ಲ. ಯುಟಿ ಡಲ್ಲಾಸ್‌ಗೆ, ಮೂರನೆಯ ವರ್ಷದ ನಂತರ ಮಗಳ ವೀಸಾ ಎಫ್-1ಕ್ಕೆ ಬದಲಾದರೆ ವಿದ್ಯಾರ್ಥಿವೇತನವೂ ರಾಜ್ಯವಾಸಿ ವರ್ಗೀಕರಣವೂ ಹಾಗೆಯೇ ಮುಂದುವರಿಯುತ್ತವೆಯೇ ಎಂದು ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆಯಿರಿ; ಫೋನಿನಲ್ಲಿ ಸಿಗುವ ಆಶ್ವಾಸನೆ ಮೂರು ವರ್ಷದ ನಂತರ ಯಾರ ನೆನಪಿನಲ್ಲೂ ಇರುವುದಿಲ್ಲ. ಮೂರನೆಯದಾಗಿ, ವಲಸೆ ವಕೀಲರೊಬ್ಬರ ಬಳಿ ಕೂತು, ಮಕ್ಕಳ ವಯೋರಕ್ಷಣೆಗಾಗಿ 2002ರಲ್ಲಿ ಬಂದ ಕಾನೂನಿನಡಿ ಅವಳ ವಯಸ್ಸನ್ನು ಲೆಕ್ಕ ಹಾಕಿಸಿ. ವೀಸಾ ಸಂಖ್ಯೆ ಲಭ್ಯವಾದ, ಅಂದರೆ ಗ್ರೀನ್ ಕಾರ್ಡಿನ ಸರದಿ ಬಂದ ದಿನದ ವಯಸ್ಸು ಇಪ್ಪತ್ತೊಂದು ದಾಟಿದ್ದರೂ ಅದರಿಂದ, ಐ-140 ಅರ್ಜಿ ಮಂಜೂರಾಗದೆ ಬಾಕಿಯಿದ್ದ ದಿನಗಳನ್ನು ಕಳೆಯಲು ಆ ಕಾನೂನು ಅವಕಾಶ ಕೊಡುತ್ತದೆ. ನಿಮ್ಮ ಕಂಪನಿ ಹೆಚ್ಚುವರಿ ಶುಲ್ಕ ಕಟ್ಟಿ ಆ ಅರ್ಜಿಯನ್ನು ಕೆಲವೇ ದಿನಗಳಲ್ಲಿ ಮಂಜೂರು ಮಾಡಿಸಿದ್ದರೆ ಕಳೆಯಲು ಸಿಗುವುದು ಆ ಕೆಲವೇ ದಿನಗಳು. ಸಾಮಾನ್ಯ ಸರದಿಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೆ ಅವಳಿಗೆ ಅಷ್ಟೂ ತಿಂಗಳು ಸಿಗುತ್ತವೆ. ಆ ಲೆಕ್ಕ ಏನೇ ಬರಲಿ, ಎಫ್-1ಕ್ಕೆ ಬದಲಾಯಿಸುವ ಅರ್ಜಿ ಅವಳಿಗೆ ಇಪ್ಪತ್ತೊಂದು ತುಂಬುವ ಮೊದಲೇ ಸಲ್ಲಿಕೆಯಾಗಿರಬೇಕು. ಎರಡನೆಯ ವರ್ಷ ಮುಗಿಯುವಷ್ಟರಲ್ಲಿ ಅದರ ಕಾಗದಪತ್ರಗಳನ್ನು ಸಿದ್ಧವಾಗಿಟ್ಟುಕೊಂಡರೆ, ಎಂಕ್ಯಾಟ್ ತಯಾರಿಯ ವರ್ಷದಲ್ಲಿ ಅವಳು ಅದಕ್ಕಾಗಿ ಓಡಾಡಬೇಕಾಗುವುದಿಲ್ಲ.